ಕೆಲಸ ಬಿಟ್ಟ ಹೆಂಗಸರ ಫಾರಂನಲ್ಲಿ ಎಲ್ಲರದೂ ‘ವೈಯಕ್ತಿಕ ಕಾರಣ’. ಹಾಗಂದರೆ ಏನು?

ಬಿಳಿಹಾಳೆ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹೊರಗಡೆ ಒಂದು ಕಾರ್ಖಾನೆಯಲ್ಲಿ ಎಚ್‌ಆರ್ ಕೆಲಸ ಮಾಡುತ್ತೇನೆ. ಗಾಡಿಗಳ ಬಿಡಿಭಾಗ ಮಾಡುವ ಕಂಪನಿ, ಹೆಸರು ಬೇಡ. ಮಾರ್ಚ್ 8ರ ಮಹಿಳಾ ದಿನ ಹತ್ತಿರ ಬಂತಲ್ಲ, ಮೇಲಿನವರು ಕರೆದು ‘ಒಂದು ಹತ್ತು ಸ್ಲೈಡ್ ಮಾಡಿ ಮೇಡಂ. ಲಿಂಗ ಸಮಾನತೆ, ವೈವಿಧ್ಯ ಎಲ್ಲ ಬರಲಿ. ಕೊನೆಗೊಂದು ಗುಲಾಬಿ ಹೂವು ಹಾಕಿ’ ಅಂದರು.

ಬೇರೆಯವರ ಅಂಕಿ ಯಾಕೆ, ನಮ್ಮದೇ ಹಾಕೋಣ ಅಂತ ಮೂರು ವರ್ಷದಲ್ಲಿ ಕೆಲಸ ಬಿಟ್ಟವರ ಫೈಲ್ ತೆಗೆದೆ. ಗಂಡಸರ ಫಾರಂಗಳಲ್ಲಿ ಬಗೆಬಗೆಯ ಕಾರಣ ಇದೆ. ಸಂಬಳ ಸಾಲದು, ಬೇರೆ ಕಡೆ ಸಿಕ್ಕಿತು, ಶಿಫ್ಟ್ ಹೊಂದುವುದಿಲ್ಲ. ಒಬ್ಬ ಪುಣ್ಯಾತ್ಮ ‘ಮ್ಯಾನೇಜರ್ ಮುಖ ನೋಡಲಾಗದು’ ಅಂತಲೇ ಬರೆದಿದ್ದಾನೆ. ಹೆಂಗಸರದು 11 ಫಾರಂ. ಹನ್ನೊಂದರಲ್ಲೂ ಎರಡೇ ಪದ. ‘ವೈಯಕ್ತಿಕ ಕಾರಣ’.

ಇದನ್ನು ಸ್ಲೈಡಿಗೆ ಹೇಗೆ ಹಾಕಲಿ? ಈ ಎರಡು ಪದದ ಹಿಂದೆ ಏನಿರುತ್ತೆ ಅಂತ ಯಾರಾದರೂ ಅಧ್ಯಯನ ಮಾಡಿದ್ದಾರಾ? ಓದಿದವರು, ಅನುಭವಿಸಿದವರು ಹೇಳಿ. ಗುಲಾಬಿ ಹೂವು ನಾನೇ ಹುಡುಕಿಕೊಳ್ಳುತ್ತೇನೆ.

ಸಾರಿನಪುಡಿ
ವೈಯಕ್ತಿಕ ಕಾರಣ ಅಂದರೆ ಅತ್ತೆ. ಮುಂದಿನ ಸ್ಲೈಡ್.

ನೇರನುಡಿ
ನನ್ನದೊಂದು ಸಣ್ಣ ವರ್ಕ್‌ಶಾಪ್, 18 ಜನ ಇದ್ದೇವೆ. ಇದರಲ್ಲಿ ಸಂಶೋಧನೆ ಮಾಡುವಂಥದ್ದು ಏನಿದೆ ಅಂತ ಅರ್ಥ ಆಗಲಿಲ್ಲ. ಮದುವೆ ಆಗುತ್ತೆ, ಊರು ಬಿಡುತ್ತಾರೆ. ಮಗು ಆಗುತ್ತೆ, ಮನೆಯಲ್ಲಿ ಇರುತ್ತಾರೆ. ಅವರವರ ಇಷ್ಟ. ಎಲ್ಲದಕ್ಕೂ ಅನ್ಯಾಯ ಅಂತ ಯಾಕೆ ಹೆಸರಿಡಬೇಕು?

ಲೆಕ್ಕಾಚಾರ
ನೇರನುಡಿ ಸರ್, ಇಷ್ಟ ಅನ್ನೋದನ್ನು ಅಳೆಯೋದು ಕಷ್ಟ. ಆದರೆ ಇಷ್ಟಪಟ್ಟ ಮೇಲೆ ಯಾರ ಜೇಬಿಗೆ ಕತ್ತರಿ ಬೀಳುತ್ತೆ ಅಂತ ಅಳೆಯಬಹುದು. ಡೆನ್ಮಾರ್ಕಿನಲ್ಲಿ ಹೆನ್ರಿಕ್ ಕ್ಲೆವೆನ್ ಮತ್ತು ಜೊತೆಗಾರರು ಅದನ್ನೇ ಮಾಡಿದರು, 2019ರಲ್ಲಿ ಪ್ರಕಟವಾಯಿತು. ಮೊದಲ ಮಗು ಹುಟ್ಟುವ ತನಕ ಗಂಡಸರ ಗಳಿಕೆ, ಹೆಂಗಸರ ಗಳಿಕೆ ಎರಡೂ ಜೋಡೆತ್ತಿನ ಹಾಗೆ ಒಟ್ಟಿಗೇ ಸಾಗುತ್ತವೆ. ಮಗು ಹುಟ್ಟಿದ ವರ್ಷ ಹೆಂಗಸಿನದು ದಡಕ್ಕನೆ ಇಳಿಯುತ್ತೆ. ಗಂಡಸಿನದು ಏನೂ ಆಗದ ಹಾಗೆ ನೇರ ಹೋಗುತ್ತೆ. ಹತ್ತು ಹದಿನೈದು ವರ್ಷ ಕಳೆದರೂ ಸುಮಾರು 20 ಶೇಕಡಾ ಅಂತರ ಹಾಗೇ ಉಳಿಯುತ್ತೆ. ಅದೂ ಡೆನ್ಮಾರ್ಕಿನಲ್ಲಿ! ಶಿಶುವಿಹಾರ, ರಜೆ, ಎಲ್ಲ ಸರ್ಕಾರವೇ ನೋಡಿಕೊಳ್ಳುವ ದೇಶದಲ್ಲಿ.

2023ರ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಇದಕ್ಕೆ ಒಂದು ವಿವರಣೆ ಕೊಡುತ್ತಾರೆ. ಕೆಲವು ಕೆಲಸಗಳು ಹೊಟ್ಟೆಬಾಕ ಕೆಲಸಗಳು. ರಾತ್ರಿ ಹತ್ತಕ್ಕೆ ಫೋನ್ ಬಂದರೂ ಎತ್ತಬೇಕು, ಭಾನುವಾರ ಕರೆದರೂ ಬರಬೇಕು. ಹಾಗೆ ಬರುವವರಿಗೆ ಸಂಬಳ ದುಡಿದ ಗಂಟೆಗಳ ಲೆಕ್ಕಕ್ಕಿಂತ ಜಾಸ್ತಿ ಏರುತ್ತೆ. ಮನೆಯಲ್ಲಿ ಒಬ್ಬರು ಹಾಗೆ ದುಡಿಯಬೇಕಾದರೆ ಇನ್ನೊಬ್ಬರು ಮಗುವಿಗೆ ಜ್ವರ ಬಂದಾಗ ಓಡಿಹೋಗಬಲ್ಲ ಕೆಲಸದಲ್ಲಿ ಇರಬೇಕು. ಆ ಇನ್ನೊಬ್ಬರು ಯಾರು ಅನ್ನೋದು ನಮಗೆಲ್ಲ ಗೊತ್ತು.

ಸಾರಿನಪುಡಿ
ಅದೇ ನಾನು ಹೇಳಿದ್ದು. ನಿಮಗೆ ಎರಡು ಪ್ಯಾರಾ ಬೇಕಾಯಿತು.

ಮತ್ತೆ_ಕೆಲಸಕ್ಕೆ
ನಾನು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದೆ. ಮಗಳು ಹುಟ್ಟಿದ ಮೇಲೆ ನಾಲ್ಕು ವರ್ಷ ಬಿಟ್ಟು ಮತ್ತೆ ಸೇರಿದೆ. ನಾನೂ ಬಿಡುವಾಗ ‘ವೈಯಕ್ತಿಕ’ ಅಂತಲೇ ಬರೆದಿದ್ದೆ. ನಿಜ ಬರೆದಿದ್ದರೆ ಹೀಗಿರುತ್ತಿತ್ತು: ಹೆರಿಗೆ ರಜೆ ಮುಗಿಸಿ ಬಂದ ಮೇಲೆ ಹಾಲು ಹಿಂಡಲು ಜಾಗ ಕೇಳಿದರೆ ಯುಪಿಎಸ್ ರೂಮು ತೋರಿಸಿದರು. ಬಾಗಿಲಿಗೆ ಚಿಲಕ ಇರಲಿಲ್ಲ. ಕುರ್ಚಿಯನ್ನು ಬಾಗಿಲಿಗೆ ಒತ್ತಿಟ್ಟು, ಅದರ ಮೇಲೆ ನಾನೇ ಕೂತು, ಬ್ಯಾಟರಿಗಳ ಗುಂಯ್ ಸದ್ದಿನಲ್ಲಿ ಇಪ್ಪತ್ತು ನಿಮಿಷ. ಒಂದು ದಿನ ಎಲೆಕ್ಟ್ರಿಷಿಯನ್ ಹೊರಗಿಂದ ದೂಡಿದ. ಕುರ್ಚಿ ಸಮೇತ ಮುಂದಕ್ಕೆ ಬಂದೆ. ಬಾಟಲಿ ಚೆಲ್ಲಿಹೋಯಿತು. ಆವತ್ತು ಸಂಜೆಯೇ ರಾಜೀನಾಮೆ ಟೈಪ್ ಮಾಡಿದೆ.

ಇದನ್ನು ಫಾರಂನಲ್ಲಿ ಬರೆಯಲು ಒಂದೂವರೆ ಗೆರೆ ಜಾಗ ಕೊಟ್ಟಿದ್ದರು.

ಮತ್ತೆ ಕೆಲಸ ಹುಡುಕುವಾಗ ಪ್ರತಿ ಇಂಟರ್‌ವ್ಯೂನಲ್ಲೂ ‘ಮಗು ಯಾರು ನೋಡಿಕೊಳ್ಳುತ್ತಾರೆ?’ ನನ್ನ ಗಂಡನೂ ಅದೇ ತಿಂಗಳು ಕೆಲಸ ಬದಲಾಯಿಸಿದರು. ಅದೇ ಮಗು ಅವರಿಗೂ ಇದೆ. ಯಾರೂ ಕೇಳಲಿಲ್ಲ.

ನೇರನುಡಿ
ಅಕ್ಕ, ನಿಮಗಾಗಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮಂಥ ಸಣ್ಣವರ ಕಷ್ಟವನ್ನೂ ಸ್ವಲ್ಪ ಕೇಳಿ. 2017ರಲ್ಲಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರ ಮಾಡಿದರು. ಒಳ್ಳೆಯದೇ. ಆದರೆ ಅಷ್ಟೂ ಸಂಬಳ ಮಾಲೀಕನ ಗಲ್ಲಾಪೆಟ್ಟಿಗೆಯಿಂದ. ಅವರ ಜಾಗಕ್ಕೆ ಇನ್ನೊಬ್ಬರನ್ನು ಇಟ್ಟುಕೊಂಡರೆ ಡಬಲ್. ಇನ್ಫೋಸಿಸ್‌ಗೆ ಅದು ಲೆಕ್ಕಕ್ಕೇ ಇಲ್ಲ. ನನಗೆ? ಆಮೇಲೆ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲ ಅಂತ ಬೈಯುತ್ತೀರಿ.

ಲೆಕ್ಕಾಚಾರ
ಇದು ಸರಿಯಾದ ಮಾತು. ಬಹಳ ದೇಶಗಳಲ್ಲಿ ಹೆರಿಗೆ ರಜೆಯ ಸಂಬಳ ಸಾಮಾಜಿಕ ವಿಮೆಯಿಂದ ಬರುತ್ತೆ. ಇಲ್ಲಿ ಹೊರೆಯನ್ನು ನೇರ ಮಾಲೀಕರ ತಲೆಗೆ ಕಟ್ಟಿ, ಅಪ್ಪನಿಗೆ ಖಾಸಗಿ ವಲಯದಲ್ಲಿ ಕಾನೂನಿನ ಪ್ರಕಾರ ಒಂದು ದಿನವೂ ರಜೆ ಇಡಲಿಲ್ಲ. ಹಾಗಾಗಿ ಹುಡುಗಿ ಅಂದರೆ ಖರ್ಚು, ಹುಡುಗ ಅಂದರೆ ಖರ್ಚಿಲ್ಲ ಅನ್ನೋ ಲೆಕ್ಕ ಮಾಲೀಕರ ತಲೆಯಲ್ಲಿ ಕೂತಿದೆ.

ಹಳೇ_ಸೂಪರ್‌ವೈಸರ್
ಒಂದು ನಿಮಿಷ. ನೇರನುಡಿಯವರೇ, ನಿಮ್ಮಲ್ಲಿ ಇಎಸ್‌ಐ, ಅದೇ ಕಾರ್ಮಿಕರ ಸರ್ಕಾರಿ ವಿಮೆ, ಇಲ್ಲವಾ? ತಿಂಗಳಿಗೆ 21,000 ರೂಪಾಯಿ ತನಕ ಸಂಬಳ ಇರುವವರಿಗೆ ಇಎಸ್‌ಐ ಕಟ್ಟುತ್ತಿದ್ದರೆ ಹೆರಿಗೆ ರಜೆಯ ದುಡ್ಡು ಇಎಸ್‌ಐನಿಂದಲೇ ಬರುತ್ತೆ. ಮಾಲೀಕ ಕೊಡಬೇಕಿಲ್ಲ. ನಮ್ಮ ಗಾರ್ಮೆಂಟ್ಸ್‌ನಲ್ಲಿ ಎಲ್ಲರಿಗೂ ಹಾಗೇ ಬರುತ್ತಿತ್ತು.

ನೇರನುಡಿ
ಇಎಸ್‌ಐ ಕಟ್ಟುತ್ತೇನೆ. ಹೀಗೆ ಅಂತ ಗೊತ್ತಿರಲಿಲ್ಲ. ಆಡಿಟರ್‌ನ ಕೇಳಿ ಹೇಳುತ್ತೇನೆ.

ಸಾರಿನಪುಡಿ
ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ.

ಹಳೇ_ಸೂಪರ್‌ವೈಸರ್
ಬಿಳಿಹಾಳೆ ಮೇಡಂ, ನಾನು ಗಾರ್ಮೆಂಟ್ಸ್‌ನಲ್ಲಿ 19 ವರ್ಷ ಲೈನ್ ಸೂಪರ್‌ವೈಸರ್ ಆಗಿದ್ದೆ. ಈಗ ಬಿಟ್ಟು ಊರಲ್ಲಿ ಅಂಗಡಿ ಇಟ್ಟಿದ್ದೇನೆ. ನನ್ನ ಲೈನಿನಲ್ಲಿ 60 ಮಿಷನ್. ಮಿಷನ್ ಮುಂದೆ ಕೂತವರೆಲ್ಲ ಹೆಂಗಸರು. ನಿಂತು ಕೂಗುತ್ತಿದ್ದವನು ನಾನು. ಕಟಿಂಗ್ ಮಾಸ್ಟರ್ ಗಂಡಸು, ಫ್ಲೋರ್ ಇನ್‌ಚಾರ್ಜ್ ಗಂಡಸು, ಪ್ರೊಡಕ್ಷನ್ ಮ್ಯಾನೇಜರ್ ಗಂಡಸು. ಆಗ ಅದು ವಿಚಿತ್ರ ಅಂತ ಅನ್ನಿಸಿರಲೇ ಇಲ್ಲ, ಸುಳ್ಳು ಹೇಳಲ್ಲ.

ಅಲ್ಲಿ ಹೆಂಗಸರು ಕೆಲಸ ಬಿಡೋಕೆ ದೊಡ್ಡ ಕಾರಣ ಯಾವುದು ಗೊತ್ತಾ? ಪಿಎಫ್. ಮಗಳ ಮದುವೆ, ಮಗನ ಫೀಸು, ಚೀಟಿ ಮುಳುಗಿತು, ಬಡ್ಡಿಯವನು ಬಾಗಿಲಿಗೆ ಬಂದ. ಕೈಯಲ್ಲಿ ದುಡ್ಡು ಅಂತ ಇರೋದು ಪಿಎಫ್ ಒಂದೇ. ಅದನ್ನು ಪೂರ್ತಿ ತೆಗೆಯಬೇಕು ಅಂದರೆ ಕೆಲಸ ಬಿಡಬೇಕು. ಬಿಟ್ಟು, ಆಗಿನ ನಿಯಮದ ಪ್ರಕಾರ ಎರಡು ತಿಂಗಳು ಕಾದು, ದುಡ್ಡು ಬಂದ ಮೇಲೆ ಪಕ್ಕದ ಫ್ಯಾಕ್ಟರಿಗೆ ಹೊಸಬರಾಗಿ ಸೇರುತ್ತಿದ್ದರು. ಹತ್ತು ವರ್ಷದ ಕೈಚಳಕ ಇರೋ ಟೈಲರ್, ಸಂಬಳ ಮಾತ್ರ ಮತ್ತೆ ಬುಡದಿಂದ. ಐದು ವರ್ಷ ತುಂಬದೆ ಬಿಟ್ಟರೆ ಗ್ರಾಚುಟಿಯೂ ಇಲ್ಲ. ಇದನ್ನು ಫಾರಂನಲ್ಲಿ ಏನಂತ ಬರೆಯುತ್ತಾರೆ ಹೇಳಿ.

2016ರ ಏಪ್ರಿಲ್ ನೆನಪಿದೆಯಾ? ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವ ತನಕ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ರೂಲ್ಸ್ ತಂದಿತ್ತು. 18ನೇ ತಾರೀಕು ನಮ್ಮ ಹೆಂಗಸರು ಮಿಷನ್ ಆಫ್ ಮಾಡಿ ರಸ್ತೆಗೆ ಇಳಿದರು. ಹೊಸೂರು ರಸ್ತೆ ಬಂದ್. ಯೂನಿಯನ್ ಕರೆದಿದ್ದಲ್ಲ, ಯಾವ ಲೀಡರೂ ಇಲ್ಲ. ಲೈನಲ್ಲಿ ತಲೆ ಎತ್ತಿ ಮಾತಾಡದವರು ನನ್ನ ಕಣ್ಣೆದುರೇ ಗೇಟು ದಾಟಿಹೋದರು. ಮಾರನೇ ದಿನ ಸಂಜೆಗೆ ಕೇಂದ್ರ ಆ ರೂಲ್ಸನ್ನೇ ವಾಪಸ್ ತೆಗೆದುಕೊಂಡಿತು. ಎರಡೇ ದಿನ!

ಹಾವೇರಿ_ಹುಡುಗ
ಸೂಪರ್‌ವೈಸರ್ ಅಣ್ಣ, ಓದಿ ಮೈ ಜುಮ್ ಅಂತು.

ನಮ್ಮ ಕಡೆ ಈ ‘ವೈವಿಧ್ಯ’ ಅನ್ನೋ ಪದವೇ ಇಲ್ಲ, ಹೆಣ್ಣಾಳು-ಗಂಡಾಳು ಅಂತ ಎರಡೇ. ಹೆಣ್ಣಾಳಿಗೆ ಒಂದು ಕೂಲಿ, ಗಂಡಾಳಿಗೆ ಅದಕ್ಕಿಂತ ಜಾಸ್ತಿ. ಕೇಳಿದರೆ ‘ಗಂಡಾಳು ಭಾರ ಎತ್ತುತ್ತಾನೆ’ ಅಂತಾರೆ. ಸರಿ, ಹತ್ತಿ ಬಿಡಿಸೋಕೆ ಎಂಥಾ ಭಾರ? ಅಲ್ಲಿ ಗಂಡಾಳು ಬರುವುದೇ ಇಲ್ಲ, ಸೊಂಟ ಬಗ್ಗೋದಿಲ್ಲ ಅಂತಾನೆ. ಅಂದರೆ ಭಾರ ಎತ್ತಿದರೆ ಜಾಸ್ತಿ ಕೊಡಬೇಕು, ದಿನವಿಡೀ ಬಗ್ಗಿದರೆ ಮಾತ್ರ ಕಡಿಮೆ.

ನರೇಗಾ ಬಂದಾಗ ನಮ್ಮ ಅವ್ವ ಮೊದಲ ಸಲ ಅಪ್ಪನಷ್ಟೇ ಕೂಲಿ ತಗೊಂಡಳು. 2025-26ರಲ್ಲಿ ಕರ್ನಾಟಕದಲ್ಲಿ ಅದು ದಿನಕ್ಕೆ 370 ರೂಪಾಯಿ ಇತ್ತು, ಇಬ್ಬರಿಗೂ ಒಂದೇ. ಅಪ್ಪನಿಗೆ ಅದು ಒಂದು ವಾರ ಸರಿ ಬರಲಿಲ್ಲ. ಆಮೇಲೆ ಅಕೌಂಟ್‌ಗೆ ದುಡ್ಡು ಬಂತು, ಸುಮ್ಮನಾದ.

ಲೆಕ್ಕಾಚಾರ
ಯಾರ ಅಕೌಂಟ್‌ಗೆ? ಅದು ಬಹಳ ಮುಖ್ಯ. ಮಧ್ಯಪ್ರದೇಶದಲ್ಲಿ ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತಿತರರು ಇದನ್ನೇ ಪರೀಕ್ಷೆ ಮಾಡಿದರು. 2021ರಲ್ಲಿ ಪ್ರಕಟವಾಗಿದೆ. ನರೇಗಾ ಕೂಲಿಯನ್ನು ಹೆಂಗಸಿನ ಸ್ವಂತ ಖಾತೆಗೆ ಹಾಕಿ, ಖಾತೆ ಬಳಸೋದನ್ನೂ ಹೇಳಿಕೊಟ್ಟರೆ ಅವರು ಹೊರಗೆ ದುಡಿಯೋದು ಜಾಸ್ತಿ ಆಯಿತು, ನರೇಗಾ ಬಿಟ್ಟು ಬೇರೆ ಕೆಲಸಕ್ಕೂ ಹೋದರು.

ಹಾವೇರಿ_ಹುಡುಗ
ಅವ್ವನ ಖಾತೆಗೇ. ಎಟಿಎಂ ಕಾರ್ಡ್ ಅಪ್ಪನ ಜೇಬಲ್ಲಿ.

ನಿವೃತ್ತ_ಮೇಷ್ಟ್ರು
ಚರ್ಚೆ ಚೆನ್ನಾಗಿದೆ. ಆದರೆ ಪತ್ರಿಕೆಯಲ್ಲಿ ಹೆಂಗಸರು ಕೆಲಸಕ್ಕೆ ಬರುವುದು ಎರಡು ಪಟ್ಟು ಹತ್ತಿರ ಆಗಿದೆ ಅಂತ ಓದಿದ ನೆನಪು. ಹಾಗಿದ್ದರೆ ಸಮಸ್ಯೆ ಕರಗುತ್ತಿದೆ ಅಂತ ಅಲ್ಲವೇ?

ಲೆಕ್ಕಾಚಾರ
ಮೇಷ್ಟ್ರೇ, ಅಂಕಿ ನಿಜ. ಯಾರು ದುಡಿಯುತ್ತಾರೆ ಅಂತ ಲೆಕ್ಕ ಹಾಕುವ ಸರ್ಕಾರದ ಪಿಎಲ್‌ಎಫ್‌ಎಸ್ ಸಮೀಕ್ಷೆಯಲ್ಲಿ 15 ವರ್ಷ ದಾಟಿದ ಹೆಂಗಸರಲ್ಲಿ ದುಡಿಮೆಯಲ್ಲಿ ಇರುವವರು, ಕೆಲಸ ಹುಡುಕುವವರು ಸೇರಿ 2017-18ರಲ್ಲಿ ನೂರಕ್ಕೆ 23.3 ಇದ್ದರು. 2023-24ಕ್ಕೆ 41.7. ಆದರೆ ಒಳಗೆ ಹೋಗಿ ನೋಡಿ. ಏರಿಕೆಯ ದೊಡ್ಡ ಪಾಲು ಹಳ್ಳಿಯಲ್ಲಿ, ಸ್ವಂತ ದುಡಿಮೆ ಅನ್ನೋ ತಲೆಬರಹದ ಕೆಳಗೆ. ಅದರಲ್ಲೂ ಮನೆಯ ಹೊಲದಲ್ಲಿ, ಮನೆಯ ಅಂಗಡಿಯಲ್ಲಿ ಸಂಬಳ ಇಲ್ಲದೆ ಕೈಜೋಡಿಸುವವರು ಬಹಳ. ತಿಂಗಳ ಸಂಬಳದ ಕೆಲಸ ಆ ಪ್ರಮಾಣದಲ್ಲಿ ಏರಿಲ್ಲ.

ಮನೆಗೆಲಸದ ಲೆಕ್ಕವೂ ಇದೆ. 2019ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಹೆಂಗಸರು ದಿನಕ್ಕೆ 299 ನಿಮಿಷ ಮನೆಗೆಲಸ ಮಾಡುತ್ತಾರೆ. ಗಂಡಸರು 97.

ನೇರನುಡಿ
97 ನಿಮಿಷ ಕಡಿಮೆಯೇನಲ್ಲವಲ್ಲ. ಒಂದೂವರೆ ಗಂಟೆ ಆಯಿತು.

ಲೆಕ್ಕಾಚಾರ
ಸರ್, ಅದು ಮನೆಗೆಲಸ ಮಾಡುವ ಗಂಡಸರ ಸರಾಸರಿ. ಸಮೀಕ್ಷೆಯ ದಿನ ಮನೆಗೆಲಸಕ್ಕೆ ಕೈ ಹಾಕಿದ ಗಂಡಸರು ನೂರಕ್ಕೆ 26 ಮಾತ್ರ.

ಸಾರಿನಪುಡಿ
ಉಳಿದ 74 ಜನ ‘ಉಪ್ಪು ಎಲ್ಲಿದೆ’ ಅಂತ ಕೇಳುತ್ತಿದ್ದರು.

ಕೊಡಗಿನ_ಕಿತ್ತಳೆ
ಇಷ್ಟು ಮಾತಾಡಿ ನಮ್ಮ ಸಿ.ಬಿ. ಮುತ್ತಮ್ಮ ಅವರನ್ನು ಯಾರೂ ನೆನೆಯಲಿಲ್ಲವಲ್ಲ! ವಿರಾಜಪೇಟೆಯವರು. ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಹೆಂಗಸು, 1949ರಲ್ಲಿ. ಆಗ ಒಂದು ನಿಯಮ ಇತ್ತು. ಹೆಣ್ಣು ಅಧಿಕಾರಿ ಮದುವೆ ಆಗುವ ಮೊದಲು ಸರ್ಕಾರದಿಂದ ಲಿಖಿತ ಅನುಮತಿ ತೆಗೆದುಕೊಳ್ಳಬೇಕು. ಮದುವೆ ಆದ ಮೇಲೆ ಸಂಸಾರದಿಂದ ಕೆಲಸಕ್ಕೆ ತೊಂದರೆ ಅಂತ ಸರ್ಕಾರಕ್ಕೆ ಅನ್ನಿಸಿದರೆ ರಾಜೀನಾಮೆ ಕೇಳಬಹುದು. ಗಂಡಸಿಗೆ ಇಂಥದ್ದು ಏನೂ ಇಲ್ಲ.

ಬಡ್ತಿ ತಪ್ಪಿಸಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. ಕೇಸು ನಡೆಯುತ್ತಿರುವಾಗಲೇ ಸರ್ಕಾರ ತೆಪ್ಪಗೆ ಬಡ್ತಿ ಕೊಟ್ಟಿತು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಬಡ್ತಿ ಸಿಕ್ಕಿದ್ದರಿಂದ ಅರ್ಜಿ ಮುಗಿಸಿದರೂ, ಇಂಥ ನಿಯಮಗಳನ್ನೆಲ್ಲ ಕಿತ್ತುಹಾಕಿ ಅಂತ ಚೆನ್ನಾಗಿ ಬೆಂಡೆತ್ತಿದರು.

ಹಳೇ_ಸೂಪರ್‌ವೈಸರ್
ಮದುವೆ ಆಗೋಕೆ ಸರ್ಕಾರದ ಪರ್ಮಿಷನ್! ಅಪ್ಪನದು ಸಾಲದು ಅಂತ.

ಕೊಡಗಿನ_ಕಿತ್ತಳೆ
ಗಗನಸಖಿಯರದು ಇನ್ನೂ ಚೆಂದ. ಏರ್ ಇಂಡಿಯಾದಲ್ಲಿ ಸೇರಿ ನಾಲ್ಕು ವರ್ಷದ ಒಳಗೆ ಮದುವೆ ಆದರೆ ಕೆಲಸ ಹೋಗುತ್ತಿತ್ತು. ಮೊದಲ ಸಲ ಬಸುರಿ ಆದರೂ ಹೋಗುತ್ತಿತ್ತು. ಬಸುರಿನ ನಿಯಮವನ್ನು ಸುಪ್ರೀಂ ಕೋರ್ಟ್ 1981ರಲ್ಲಿ ಹೊಡೆದುಹಾಕಿತು, ಮದುವೆಯ ನಿಯಮವನ್ನು ಮಾತ್ರ ಸರಿ ಅಂತ ಬಿಟ್ಟಿತು. ಅಂದರೆ ಆಗ ಕಾರಣವನ್ನು ರೂಲ್ಸ್ ಪುಸ್ತಕದಲ್ಲೇ ಬರೆದಿಟ್ಟಿದ್ದರು. ಈಗ ಅದು ‘ವೈಯಕ್ತಿಕ’ ಆಗಿದೆ, ಅಷ್ಟೆ.

ಬಿಳಿಹಾಳೆ
ಎಲ್ಲರಿಗೂ ಥ್ಯಾಂಕ್ಸ್. ಬಾಸ್ ಕಳಿಸಿದ ಹಳೇ ಸ್ಲೈಡ್ ಒಂದಿದೆ, ‘ಮೇಲಿನ ಹುದ್ದೆಯಲ್ಲಿ ಹೆಂಗಸರು ಇರುವ ಕಂಪನಿಗೆ ಲಾಭ ಜಾಸ್ತಿ’ ಅಂತ. ಮೆಕಿನ್ಸಿ ಅನ್ನೋ ಸಲಹಾ ಕಂಪನಿಯ ವರದಿಯದು. ಹಾಕಲಾ?

ಲೆಕ್ಕಾಚಾರ
ಹಾಕಬೇಡಿ. 2024ರಲ್ಲಿ ಜೆರೆಮಯ್ಯ ಗ್ರೀನ್ ಮತ್ತು ಜಾನ್ ಹ್ಯಾಂಡ್ ಅಂತ ಇಬ್ಬರು ಪ್ರೊಫೆಸರ್‌ಗಳು ಮೆಕಿನ್ಸಿಯ ಇದೇ ಸಾಲಿನ ವರದಿಗಳು ಹೇಳಿದ ಜನಾಂಗ ವೈವಿಧ್ಯ ಮತ್ತು ಲಾಭದ ನಂಟನ್ನು ಅಮೆರಿಕದ ಎಸ್ ಆ್ಯಂಡ್ ಪಿ 500 ಪಟ್ಟಿಯ ದೊಡ್ಡ ಕಂಪನಿಗಳ ಮೇಲೆ ಲೆಕ್ಕ ಹಾಕಿ ನೋಡಿದರು. ಅಂಥ ಸಂಬಂಧ ಸಿಗಲಿಲ್ಲ. ಹೆಂಗಸರ ವಿಷಯದಲ್ಲಿ ಅಂಥ ಸಂಬಂಧ ಕಂಡರೂ, ಹೆಂಗಸರಿಂದ ಲಾಭ ಬಂತೋ, ಲಾಭ ಇರುವ ಕಂಪನಿ ಹೆಂಗಸರನ್ನು ತೆಗೆದುಕೊಂಡಿತೋ ಅಂತ ಹೇಳಲಾಗದು. ಪರದೆಯ ಹಿಂದೆ ವಯಲಿನ್ ನುಡಿಸಿದ ಕಥೆಯನ್ನೂ ಎಲ್ಲರೂ ಹೇಳುತ್ತಾರೆ. ಪರದೆ ಕಟ್ಟಿ ಆಡಿಷನ್ ಮಾಡಿದ ಮೇಲೆ ಅಮೆರಿಕದ ಆರ್ಕೆಸ್ಟ್ರಾಗಳಿಗೆ ಹೆಂಗಸರು ಜಾಸ್ತಿ ಬಂದರು ಅಂತ. ಗೋಲ್ಡಿನ್ ಮತ್ತು ಸಿಸಿಲಿಯಾ ರೌಸ್ ಅವರ 2000ದ ಅಧ್ಯಯನ. ಒಳ್ಳೆಯ ಅಧ್ಯಯನವೇ. ಆದರೆ ಅಂಕಿ ಸಣ್ಣದು, ಭಾಷಣಗಳಲ್ಲಿ ಹೇಳುವಷ್ಟು ಗಟ್ಟಿ ಅಲ್ಲ.

ಗಟ್ಟಿಯಾದದ್ದು ಬೇಕಾದರೆ 2012ರ ಒಂದು ಪ್ರಯೋಗ ಇದೆ. ಅಮೆರಿಕದಲ್ಲಿ 127 ವಿಜ್ಞಾನ ಪ್ರೊಫೆಸರ್‌ಗಳಿಗೆ ಲ್ಯಾಬ್ ಮ್ಯಾನೇಜರ್ ಹುದ್ದೆಯ ಅರ್ಜಿ ಕಳಿಸಿದರು. ಒಂದೇ ಅರ್ಜಿ, ಅಕ್ಷರ ಬದಲಿಲ್ಲ. ಅರ್ಧ ಜನಕ್ಕೆ ಜಾನ್ ಅನ್ನೋ ಹೆಸರಲ್ಲಿ, ಇನ್ನರ್ಧಕ್ಕೆ ಜೆನಿಫರ್. ಜಾನ್‌ಗೆ ಕೊಡಬಹುದು ಅಂದ ಸಂಬಳ ಸರಾಸರಿ 30,238 ಡಾಲರ್. ಜೆನಿಫರ್‌ಗೆ 26,508. ಹೆಣ್ಣು ಪ್ರೊಫೆಸರ್‌ಗಳೂ ಹಾಗೇ ಮಾಡಿದರು.

ಮತ್ತೆ_ಕೆಲಸಕ್ಕೆ
ಕೊನೆ ವಾಕ್ಯ ನನಗೆ ಆಶ್ಚರ್ಯ ತರಲಿಲ್ಲ. ‘ಮಗು ಯಾರು ನೋಡಿಕೊಳ್ಳುತ್ತಾರೆ’ ಅಂತ ಕೇಳಿದವರಲ್ಲಿ ಇಬ್ಬರು ಮೇಡಂಗಳೇ.

ಅಂದಹಾಗೆ, ಲಾಭ ಬರದಿದ್ದರೆ ಹೆಂಗಸರು ಮನೆಗೆ ಹೋಗಬೇಕಾ? ಗಂಡಸರನ್ನು ಕೂರಿಸುವಾಗ ಯಾರೂ ಈ ಲೆಕ್ಕ ಕೇಳಲಿಲ್ಲವಲ್ಲ.

ಇಂಜೆಕ್ಷನ್_ರೂಮು
ನಾನು ಗಂಡು ನರ್ಸ್. ದಾವಣಗೆರೆ ಕಡೆಯವನು. ಇದರ ಉಲ್ಟಾ ಕಥೆ ನನ್ನದು. ನಮ್ಮ ಬ್ಯಾಚಿನಲ್ಲಿ ಹುಡುಗರು ಕೈಬೆರಳಲ್ಲಿ ಎಣಿಸುವಷ್ಟು. ಎಂಟು ವರ್ಷದಲ್ಲಿ ನಾನು ವಾರ್ಡ್ ಇನ್‌ಚಾರ್ಜ್. ನನಗಿಂತ ಚೆನ್ನಾಗಿ ಕೆಲಸ ಕಲಿಸಿದ ಸಿಸ್ಟರ್ ಇನ್ನೂ ಅದೇ ಜಾಗದಲ್ಲಿದ್ದಾರೆ. ‘ನೈಟ್ ಡ್ಯೂಟಿ, ಗಲಾಟೆ ಎಲ್ಲ ನೀವಾದರೆ ನಿಭಾಯಿಸ್ತೀರಿ’ ಅಂದರು. ಗಲಾಟೆ ಆದಾಗ ಮುಂದೆ ನಿಂತಿದ್ದು ಯಾವಾಗಲೂ ಆ ಸಿಸ್ಟರೇ. ನಾನು ಸೆಕ್ಯುರಿಟಿಗೆ ಫೋನ್ ಮಾಡುತ್ತಿದ್ದೆ.

ಇನ್ನೊಂದು. ರೌಂಡ್ಸ್‌ನಲ್ಲಿ ಲೇಡಿ ಡಾಕ್ಟರ್ ಪಕ್ಕ ನಾನು ಟ್ರೇ ಹಿಡಿದು ನಿಂತಿರುತ್ತೇನೆ. ರೋಗಿ ಅವರ ಕಡೆ ನೋಡಿ ‘ಸಿಸ್ಟರ್, ಸ್ವಲ್ಪ ಫ್ಯಾನ್ ಹಾಕಿ’ ಅಂತಾರೆ. ನನ್ನ ಕಡೆ ತಿರುಗಿ ‘ಡಾಕ್ಟ್ರೇ, ಯಾವಾಗ ಡಿಸ್ಚಾರ್ಜ್?’ ವಾರಕ್ಕೆ ಮೂರು ಸಲವಾದರೂ.

ಲೆಕ್ಕಾಚಾರ
ನಿಮ್ಮ ಕಥೆಗೆ ಹೆಸರೇ ಇದೆ. ಸಮಾಜಶಾಸ್ತ್ರಜ್ಞೆ ಕ್ರಿಸ್ಟೀನ್ ವಿಲಿಯಮ್ಸ್ 1992ರಲ್ಲಿ ‘ಗಾಜಿನ ಎಸ್ಕಲೇಟರ್’ ಅಂತ ಕರೆದರು. ಹೆಂಗಸರೇ ತುಂಬಿರುವ ಕೆಲಸಕ್ಕೆ ಗಂಡಸು ಹೋದರೆ ಕಾಣದ ಮೆಟ್ಟಿಲೊಂದು ತಾನಾಗಿ ಮೇಲಕ್ಕೆ ಒಯ್ಯುತ್ತೆ. ನರ್ಸು, ಪ್ರೈಮರಿ ಮೇಷ್ಟ್ರು, ಲೈಬ್ರರಿ, ಸಮಾಜಸೇವೆ, ಈ ನಾಲ್ಕು ಕಡೆ ನೋಡಿದ್ದರು.

ನಿವೃತ್ತ_ಮೇಷ್ಟ್ರು
ಪ್ರೈಮರಿ ಮೇಷ್ಟ್ರು ಅಂದಿದ್ದಕ್ಕೆ ಒಪ್ಪುತ್ತೇನೆ. ನಮ್ಮ ಶಾಲೆಯಲ್ಲಿ ಆರು ಜನ ಟೀಚರಮ್ಮಂದಿರು, ನಾನೊಬ್ಬ ಮೇಷ್ಟ್ರು. ಎಚ್‌ಎಂ ಚಾರ್ಜ್ ಯಾರಿಗೆ ಬಂತು ಅಂತ ಊಹಿಸಿ. ಆ ಚಾರ್ಜ್ ಜೊತೆ ಬಿಸಿಯೂಟದ ಲೆಕ್ಕವೂ ಬಂತು, ಅದನ್ನು ಬರೆಯುತ್ತಿದ್ದವರು ಟೀಚರಮ್ಮಂದಿರೇ.

ರಾತ್ರಿಪಾಳಿ
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನಾನು ಟ್ರಾನ್ಸ್ ಹೆಂಗಸು, ಕಾಲ್ ಸೆಂಟರಿನಲ್ಲಿದ್ದೇನೆ. 2021ರಲ್ಲಿ ಕರ್ನಾಟಕ ಸರ್ಕಾರಿ ಕೆಲಸದಲ್ಲಿ ನಮಗೆ 1 ಶೇಕಡಾ ಮೀಸಲಾತಿ ಕೊಟ್ಟಿತು, ದೇಶದಲ್ಲೇ ಮೊದಲು. ಖಾಸಗಿಯಲ್ಲಿ ಅಂಥದ್ದಿಲ್ಲ, ಒಬ್ಬೊಬ್ಬ ಮ್ಯಾನೇಜರ್ ಮನಸ್ಸಿನ ಮೇಲೆ ನಿಂತಿದೆ. ಹಿಂದಿನ ಕಂಪನಿಯಲ್ಲಿ ಮಾರ್ಚ್ 8ಕ್ಕೆ ಎಲ್ಲ ಹೆಂಗಸರ ಟೇಬಲ್ ಮೇಲೆ ಗುಲಾಬಿ ಇಟ್ಟಿದ್ದರು. ನನ್ನ ಟೇಬಲ್ ಹತ್ತಿರ ಬಂದಾಗ ಹುಡುಗ ಲಿಸ್ಟ್ ನೋಡಿದ, ನನ್ನ ಮುಖ ನೋಡಿದ, ಮತ್ತೆ ಲಿಸ್ಟ್ ನೋಡಿದ. ಆಮೇಲೆ ಪಾಪ, ತನ್ನ ಕೈಯಲ್ಲಿದ್ದ ಎರಡನ್ನೂ ಕೊಟ್ಟು ಓಡಿಹೋದ.

ನಾನು ಆ ಕೆಲಸ ಬಿಟ್ಟಿದ್ದು ಟಾಯ್ಲೆಟ್‌ಗಾಗಿ. ಯಾವುದಕ್ಕೆ ಹೋದರೂ ಯಾರೋ ಒಬ್ಬರ ದೂರು. ಶಿಫ್ಟ್ ಒಂಬತ್ತು ಗಂಟೆ, ನೀರೇ ಕುಡಿಯುತ್ತಿರಲಿಲ್ಲ. ಫಾರಂನಲ್ಲಿ ಬರೆದಿದ್ದು ಅದೇ ಎರಡು ಪದ.

ಸಾರಿನಪುಡಿ
ತಮಾಷೆ ಸಾಕು ಮಾಡುತ್ತೇನೆ. ಈಗ ಎಲ್ಲಿದ್ದೀರೋ ಅಲ್ಲಿ ಸರಿ ಇದೆಯಾ?

ರಾತ್ರಿಪಾಳಿ
ಪರವಾಗಿಲ್ಲ. ಬೋರ್ಡ್ ಇಲ್ಲದ ಒಂದು ಟಾಯ್ಲೆಟ್ ಇದೆ. ಒಳಗೆ ಚಿಲಕವೂ ಇದೆ.

ರಿಯಾದ್‌ನಲ್ಲಿ_ಕುಂದಾಪುರ
ಮಾರಾಯ್ರೇ, ನಾನಿರುವ ಊರಿನ ಕಥೆ ಒಂದು ಹೇಳುತ್ತೇನೆ. ಇಲ್ಲಿ ರಿಯಾದ್‌ನಲ್ಲಿ ಲಿಯೊನಾರ್ಡೊ ಬರ್ಸ್ಟಿನ್ ಮತ್ತಿತರರು ಮದುವೆಯಾದ ಯುವಕರನ್ನು ಒಟ್ಟುಗೂಡಿಸಿ ಕೇಳಿದರಂತೆ: ಹೆಂಗಸರು ಮನೆಯಿಂದ ಹೊರಗೆ ಕೆಲಸ ಮಾಡಬಹುದಾ? ಬಹಳಷ್ಟು ಜನ ‘ಮಾಡಲಿ’ ಅಂದರು. ಉಳಿದವರು ಏನಂದಿರಬಹುದು ಅಂತ ಕೇಳಿದರೆ ‘ಅವರೆಲ್ಲ ಬೇಡ ಅಂದಿರುತ್ತಾರೆ’ ಅಂದರು. ಎಲ್ಲರೂ ಪಕ್ಕದವನಿಗೆ ಹೆದರಿ ಸುಮ್ಮನಿದ್ದದ್ದು. ನಿಜವಾದ ಅಂಕಿ ತೋರಿಸಿದ ಮೇಲೆ, ಅವರ ಹೆಂಡತಿಯರು ಕೆಲಸಕ್ಕೆ ಅರ್ಜಿ ಹಾಕಿದ್ದು ಜಾಸ್ತಿ ಆಯಿತು. 2020ರಲ್ಲಿ ಪ್ರಕಟವಾಗಿದೆ. ನಮ್ಮ ಊರಿನಲ್ಲಿ ಬೀಡಿ ಕಟ್ಟುವ ಹೆಂಗಸರ ಮನೆಗಳಲ್ಲೂ ಇದೇ ಮಾತು ಕೇಳಿದ್ದೇನೆ. ‘ನನಗೇನೂ ಇಲ್ಲ, ಜನ ಏನಂತಾರೆ ಅಂತ.’ ಆ ಜನ ಯಾರು ಅಂತ ಇವತ್ತಿಗೂ ಸಿಕ್ಕಿಲ್ಲ.

ಹಾವೇರಿ_ಹುಡುಗ
ನಮ್ಮಲ್ಲಿ ಆ ಜನ ಬಸ್‌ಸ್ಟ್ಯಾಂಡ್ ಕಟ್ಟೆ ಮೇಲೆ ಕೂತಿರುತ್ತಾರೆ. ಈಗ ಶಕ್ತಿ ಬಸ್ ಬಂದ ಮೇಲೆ ಅವರಿಗೆ ಸೀಟೂ ಸಿಗುತ್ತಿಲ್ಲ.

ನೇರನುಡಿ
ಶಕ್ತಿ ವಿಷಯ ಎತ್ತಬೇಡಿ. ದುಡ್ಡು ಕೊಟ್ಟವನು ನಿಂತುಕೊಂಡು ಹೋಗಬೇಕು.

ಹಳೇ_ಸೂಪರ್‌ವೈಸರ್
ಎತ್ತಲೇಬೇಕು ಸರ್. 2023ರ ಜೂನ್ 11ಕ್ಕೆ ಶುರುವಾಯಿತು. ನಮ್ಮ ಓಣಿಯ ಹೆಂಗಸರು ಮೊದಲು ನಡೆದುಹೋಗುವಷ್ಟು ದೂರದ ಕೆಲಸ ಮಾತ್ರ ನೋಡುತ್ತಿದ್ದರು, ಸಂಬಳ ಎಷ್ಟಾದರೂ ಸರಿ. ಈಗ ಇನ್ನೂರು ಮುನ್ನೂರು ಜಾಸ್ತಿ ಕೊಡುವ ಕಡೆಗೆ ಬಸ್ಸಲ್ಲಿ ಹೋಗುತ್ತಾರೆ. ನನ್ನ ಅಂಗಡಿ ಎದುರೇ ಬಸ್ ನಿಲ್ಲೋದು, ದಿನಾ ನೋಡುತ್ತೇನೆ. ಬಸ್ ಜಾಸ್ತಿ ಬಿಡಿ ಅಂತ ಕೇಳಿ, ಅವರನ್ನು ಇಳಿಸಿ ಅಂತ ಅಲ್ಲ.

ಇಂಜೆಕ್ಷನ್_ರೂಮು
ಮುಟ್ಟಿನ ರಜೆ ಬಗ್ಗೆ ಯಾರೂ ಜಗಳ ಶುರು ಮಾಡಿಲ್ಲವಲ್ಲ? 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ಒಪ್ಪಿತು, ತಿಂಗಳಿಗೆ ಒಂದು ದಿನ, ಸಂಬಳ ಸಹಿತ.

ಮತ್ತೆ_ಕೆಲಸಕ್ಕೆ
ನನಗೆ ಎರಡು ಮನಸ್ಸು. ಬೇಕು, ನಿಜಕ್ಕೂ ಬೇಕು. ಆದರೆ ನಮ್ಮ ಟೀಮಿನಲ್ಲಿ ಅದನ್ನು ಹಾಕಬೇಕಾದರೆ 26 ವರ್ಷದ ಹುಡುಗ ಲೀಡ್‌ಗೆ ಮೆಸೇಜ್ ಮಾಡಬೇಕು. ಇದುವರೆಗೆ ಯಾರೂ ಹಾಕಿಲ್ಲ.

ಕೊಡಗಿನ_ಕಿತ್ತಳೆ
ಬಿಹಾರದಲ್ಲಿ ಸರ್ಕಾರಿ ಹೆಂಗಸರಿಗೆ 1992ರಿಂದಲೇ ತಿಂಗಳಿಗೆ ಎರಡು ದಿನ ಇದೆ. ಆಕಾಶ ಏನೂ ಬಿದ್ದಿಲ್ಲ.

ನೇರನುಡಿ
ಆಡಿಟರ್ ಫೋನ್ ಮಾಡಿದ. ಇಎಸ್‌ಐ ವಿಷಯ ಹೌದಂತೆ. ‘ನೀವು ಕೇಳಲೇ ಇಲ್ಲವಲ್ಲ ಸಾರ್’ ಅಂದ. ಹೋದ ವರ್ಷ ಒಬ್ಬ ಹುಡುಗಿಯನ್ನು ಇದೇ ಲೆಕ್ಕದಲ್ಲಿ ಬೇಡ ಅಂದಿದ್ದೆ. ಹೊಸದಾಗಿ ಮದುವೆ ಆಗಿತ್ತು. ವೆಲ್ಡಿಂಗ್‌ನಲ್ಲಿ ಐಟಿಐ ಮಾಡಿದ್ದಳು.

ಸಾರಿನಪುಡಿ
ನಂಬರ್ ಇದೆಯಾ ಅವಳದು?

ನೇರನುಡಿ
ಹುಡುಕುತ್ತಿದ್ದೇನೆ.

ಹಳೇ_ಸೂಪರ್‌ವೈಸರ್
ಬಿಳಿಹಾಳೆ ಮೇಡಂ, ಮೊದಲೇ ಕೇಳಬೇಕಿತ್ತು, ಮರೆತೆ. ಆ 11 ಫಾರಂ ತುಂಬಿದ್ದು ಯಾರು? ನಮ್ಮಲ್ಲಿ ಯಾರೂ ಸ್ವಂತ ತುಂಬುತ್ತಿರಲಿಲ್ಲ. ಆಫೀಸಿನವರು ತುಂಬಿ, ‘ಇಲ್ಲಿ ಸೈನ್ ಹಾಕಮ್ಮ, ಬೇಗ ಸೆಟಲ್‌ಮೆಂಟ್ ಆಗುತ್ತೆ’ ಅಂತ ಪೆನ್ ಕೊಡುತ್ತಿದ್ದರು. ಶಿಶುವಿಹಾರದ ರಿಜಿಸ್ಟರ್ ಕೂಡ ಹಾಗೇ. 50 ಜನ ಇದ್ದರೆ ಶಿಶುವಿಹಾರ ಇರಬೇಕು ಅನ್ನೋದು ಕಾನೂನು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು. ನಮ್ಮ ಕಡೆ ತೊಟ್ಟಿಲು ಸ್ಟೋರ್ ರೂಮಿನಿಂದ ಹೊರಗೆ ಬರುತ್ತಿದ್ದದ್ದು ಇನ್‌ಸ್ಪೆಕ್ಟರ್ ಬರುವ ದಿನ ಮಾತ್ರ. ರಿಜಿಸ್ಟರಲ್ಲಿ ಮಕ್ಕಳು ದಿನಾ ಬರುತ್ತಿದ್ದರು. ಒಂದೇ ಪೆನ್ನಿನಲ್ಲಿ.

ಬಿಳಿಹಾಳೆ
ಸೂಪರ್‌ವೈಸರ್ ಅಣ್ಣ, ನಿಮ್ಮ ಪ್ರಶ್ನೆ ನೋಡಿ ಇವತ್ತು ಫೈಲನ್ನು ಮತ್ತೆ ತೆಗೆದೆ. ಮೊದಲು ಕಂಪ್ಯೂಟರಿನಲ್ಲಿ ಪಟ್ಟಿ ಮಾತ್ರ ನೋಡಿದ್ದೆ. ಈ ಸಲ ಕಾಗದ ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದೆ.

ಸೈನ್ ಎಲ್ಲ ಬೇರೆ ಬೇರೆ. ಎರಡು ಹೆಬ್ಬೆಟ್ಟು. ‘ವೈಯಕ್ತಿಕ ಕಾರಣ’ ಅನ್ನೋದು ಮಾತ್ರ ಎಂಟರಲ್ಲಿ ಒಂದೇ ಕೈಬರಹ, ನಮ್ಮ ಕ್ಲರ್ಕ್‌ನದು. ‘ಯ’ಗೆ ಒಂದು ಬಾಲ ಎಳೆಯುತ್ತಾನೆ, ಸುಲಭವಾಗಿ ಗೊತ್ತಾಗುತ್ತೆ. ಉಳಿದ ಮೂರು ನಾನು ಸೇರಿದ ಮೊದಲ ವರ್ಷದ್ದು. ಅವನು ರಜೆಯಲ್ಲಿದ್ದಾಗಿನದು. ಆ ಮೂರರಲ್ಲಿ ಇರೋದು ನನ್ನ ಕೈಬರಹ.

ನನಗೆ ಬರೆದ ನೆನಪೂ ಇಲ್ಲ. ಒಬ್ಬರ ಮುಖ ಮಾತ್ರ ನೆನಪಾಗುತ್ತಿದೆ. ಪ್ಯಾಕಿಂಗ್‌ನಲ್ಲಿದ್ದರು, ಏನೋ ಹೇಳೋಕೆ ಬಂದಿದ್ದರು. ನಾನು ‘ಆಮೇಲೆ ಮಾತಾಡೋಣ, ಮೊದಲು ಸೈನ್ ಹಾಕಿ’ ಅಂದಿದ್ದೆ ಅನ್ಸುತ್ತೆ.

ಫೋನ್ ನಂಬರ್ ಫೈಲಿನಲ್ಲಿ ಇದೆ. ಸಂಜೆ ಮಾಡಿದೆ. ಗಂಡ ಎತ್ತಿದರು, ‘ಕೆಲಸಕ್ಕೆ ಹೋಗಿದ್ದಾಳೆ, ಎಂಟಕ್ಕೆ ಬರ್ತಾಳೆ’ ಅಂದರು.

ಮತ್ತೆ_ಕೆಲಸಕ್ಕೆ
ಎಂಟಾಯಿತು.

ಬಿಳಿಹಾಳೆ
ಹೌದು. ಮಾಡುತ್ತಿದ್ದೇನೆ.